ಹಂಡೆಯಿಂದ ಶವರಿಗೆ

ಡೊಂಬಿವಲಿ, ಕಲ್ಯಾಣ, ಥಾಣೆಗಳಲ್ಲಿ ಮೂರು ನಾಲ್ಕು ದಶಕಗಳ ಹಿಂದೆ ಎದ್ದ ಕಟ್ಟಡಗಳಲ್ಲಿ ಇಂದು ಬಚ್ಚಲುಗಳನ್ನು ಒಡೆದು ಹೊಸ ಶವರು ಕೂರಿಸುವ ಕಾಲ ನಡೆದಿದೆ. ಈ ಭಾಗದ ಕನ್ನಡಿಗರಾದ ನಾವು ನಿಂತು ಸ್ನಾನ ಮಾಡಲು ಕಲಿತದ್ದು ಯಾವಾಗ ಎಂದು ಕೇಳಿಕೊಂಡರೆ, ಉತ್ತರ ನಮ್ಮ ಅಭಿರುಚಿಗಿಂತ ಹೆಚ್ಚಾಗಿ ನೀರಿನ ಚರಿತ್ರೆಯಲ್ಲಿ ಸಿಗುತ್ತದೆ.

ನಮ್ಮ ಹಿರಿಯರು ಊರಿನಲ್ಲಿ ಬಿಟ್ಟುಬಂದದ್ದು ಒಲೆಯಿದ್ದ ಬಚ್ಚಲುಮನೆಯನ್ನು. ಒಲೆಯ ಮೇಲೆ ತಾಮ್ರದ ಹಂಡೆ, ಉರಿಗೆ ತೆಂಗಿನ ಮಟ್ಟೆ, ಕುಳಿತು ತಂಬಿಗೆಯಿಂದ ಹೊಯ್ದುಕೊಳ್ಳುವ ಬಿಸಿನೀರು. ಹರಿದುಹೋದದ್ದು ಬಾಳೆಯ ಬುಡಕ್ಕೆ. ನರಕಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಬೆಳಗಿ, ಸಿಂಗರಿಸಿ, ನೀರು ತುಂಬುವುದೇ ಒಂದು ಹಬ್ಬವಾಗಿತ್ತು.

ಮುಂಬಯಿಯ ಚಾಳಿನಲ್ಲಿ ಅವರಿಗೆ ದೊರೆತದ್ದು 'ಮೋರಿ'. ಕನ್ನಡದಲ್ಲಿ ಚರಂಡಿಯೆಂಬ ಅರ್ಥವಿರುವ ಈ ಪದ ಮರಾಠಿಯಲ್ಲಿ ಕೋಣೆಯ ಮೂಲೆಯ ಗಿಡ್ಡ ಕಟ್ಟೆಯ ನೀರಿನ ಜಾಗಕ್ಕೆ ಹೆಸರು. ಪಾತ್ರೆ, ಬಟ್ಟೆ, ಸ್ನಾನ ಎಲ್ಲವೂ ಅಲ್ಲೇ, ಮರೆಗೊಂದು ಪರದೆ. ಆ ಜಾಗಕ್ಕೆ ಹಂಡೆ ಹಿಡಿಸುವಂತಿರಲಿಲ್ಲ. ಅದರ ಸ್ಥಾನಕ್ಕೆ ಬಕೆಟ್ಟು ಬಂತು, ಆದರೆ ಕುಳಿತು ಮೀಯುವ ಪದ್ಧತಿ ಉಳಿಯಿತು.

ಬಾಡಿಗೆ ಏರಿದಂತೆ ನಮ್ಮವರು ರೈಲು ಹಳಿಯ ಗುಂಟ ಈ ಕಡೆ ಸರಿದರು. ಹಳಿ ಥಾಣೆಗೆ ಬಂದದ್ದು 1853ರಲ್ಲಿ, ಕಲ್ಯಾಣಕ್ಕೆ 1854ರಲ್ಲಿ. ನೀರು ಮಾತ್ರ ಹಳಿಯಷ್ಟು ಬೇಗ ಇಲ್ಲಿ ನಿಲ್ಲಲಿಲ್ಲ. 1892ರ ತಾನ್ಸಾ ಜಲಾಶಯವಾಗಲಿ, ಮುಂದೆ ಬಂದ ಭಾತ್ಸಾ ಆಗಲಿ ಥಾಣೆ ಜಿಲ್ಲೆಯ ಶಹಾಪುರ ತಾಲೂಕಿನವು. ಅವುಗಳ ನೀರು ಬಹುಪಾಲು ದೊಡ್ಡ ಕೊಳವೆಗಳಲ್ಲಿ ನಮ್ಮನ್ನು ದಾಟಿ ಮುಂಬಯಿಗೆ ಹೋಯಿತು. ಕಲ್ಯಾಣ-ಡೊಂಬಿವಲಿಗಳು ಉಲ್ಹಾಸ ನದಿಯನ್ನೂ ಬಾರವಿ ಅಣೆಕಟ್ಟನ್ನೂ ನಂಬಿದವು. ನೀರು ಬರುವ ಹೊತ್ತಿಗೆ ಎದ್ದು ಡ್ರಮ್ಮು ತುಂಬಿಸುವ ಮನೆಯಲ್ಲಿ ಶವರಿಗೆ ಏನು ಕೆಲಸ? ಬಿಲ್ಡರು ಹಾಕಿಕೊಟ್ಟ ಶವರು ಎಷ್ಟೋ ಮನೆಗಳಲ್ಲಿ ಟವೆಲ್ಲು ನೇತುಹಾಕುವ ಗೂಟವಾಗಿತ್ತು! ನವಿ ಮುಂಬಯಿಯ ಕಥೆ ತುಸು ಬೇರೆ. 1970ರಲ್ಲಿ ಹುಟ್ಟಿದ ಸಿಡ್ಕೊ ಅದನ್ನು ಯೋಜನೆಯಂತೆ ಕಟ್ಟಿತು. ಮುಂದೆ ಅಲ್ಲಿನ ಮಹಾನಗರಪಾಲಿಕೆ ಮೊರ್ಬೆ ಅಣೆಕಟ್ಟನ್ನೇ ತನ್ನದಾಗಿಸಿಕೊಂಡಿತು.

ಇಂದು ಶವರು ಕೂರಿಸುವವರಿಗೂ ಈ ಚರಿತ್ರೆ ಅಡ್ಡ ಬರುತ್ತದೆ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ತಾರಸಿಯ ಟಾಕಿಯಿಂದ ಎರಡೇ ಮೀಟರ್ ಕೆಳಗಿರುವ ಕೊನೆಯ ಅಂತಸ್ತಿಗೆ ಅದರ ಐದನೆಯ ಒಂದು ಭಾಗ; ಅಗಲವಾದ 'ರೇನ್ ಶವರು' ಅಲ್ಲಿ ಮಳೆಗರೆಯದೆ ತೊಟ್ಟಿಕ್ಕುತ್ತದೆ. ಪಂಪು ಬೇಕಾಗುತ್ತದೆ. ನೆಲ ಒಡೆದರಂತೂ ಇನ್ನೊಂದು ತೊಡಕು: ಹಳೆಯ ಬಚ್ಚಲಿನ ಕೆಳಗೆ ಇಟ್ಟಿಗೆಚೂರು, ಸಿಮೆಂಟುಗಳ 'ಕೋಬಾ' ಇರುತ್ತದೆ. ಅದನ್ನು ಕದಲಿಸಿ, ನೀರು ನಿಲ್ಲಿಸಿ ಪರೀಕ್ಷಿಸದೆ ಟೈಲ್ಸು ಹಾಕಿದರೆ ಕೆಳಮನೆಯ ಛಾವಣಿ ಒದ್ದೆಯಾಗುತ್ತದೆ. ಸೊಸೈಟಿಯ ಅನುಮತಿಪತ್ರ ಬರಿಯ ಕಾಗದದ ಕಾಟವೆಂದು ನಮಗೆ ಅನ್ನಿಸದಿರುವುದು ಇದಕ್ಕೇ.

ನೀರಿನ ಲೆಕ್ಕವನ್ನೂ ನೋಡಬೇಕು. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದ ರೂಢಿಯ ಮಾನದಂಡ; ಸ್ನಾನದ ಪಾಲು ಅದರಲ್ಲಿ 55. ನಿಮಿಷಕ್ಕೆ ಹತ್ತು ಲೀಟರ್ ಸುರಿಸುವ ಶವರಿನಡಿ ಆರು ನಿಮಿಷ ನಿಂತರೆ ಆ ಪಾಲು ಮುಗಿದುಹೋಗುತ್ತದೆ. ಬಕೆಟ್ಟಿನ ಸ್ನಾನ ಇಪ್ಪತ್ತರಲ್ಲಿ ಆಗುತ್ತಿತ್ತು. ಬಾರವಿಯ ಎತ್ತರ ಹೆಚ್ಚಿಸಿದಾಗ ಮುರ್ಬಾಡ್ ತಾಲೂಕಿನ ಹಳ್ಳಿಗಳು ನೀರಿನಡಿ ಹೋದುದನ್ನು ಬಲ್ಲವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಮಂಡಿನೋವಿನ ಅಜ್ಜಿಯಂದಿರಿರುವ ಮನೆಗಳು ಗೋಡೆಯ ಶವರಿನ ಜೊತೆಗೆ ಕೈಶವರನ್ನೂ ಒಂದು ಸ್ಟೂಲನ್ನೂ ಕೇಳುತ್ತಿವೆ. ಕುಳಿತು ಮೀಯುವುದು ಹೀಗೆ ಮರಳಿ ಬಂದಿದೆ. ತ್ರಯೋದಶಿಯ ಸಂಜೆ ಪೂಜೆಗೆಂದು ಅದೇ ಕೈಶವರಿನಿಂದ ಒಂದು ತಾಮ್ರದ ಕೊಡ ತುಂಬುವವರೂ ನಮ್ಮಲ್ಲಿದ್ದಾರೆ.