ಪದ ಪರಿಚಯ: ಪ್ಯಾಚ್

ಹರಿದ ಬಟ್ಟೆಗೆ ಹಾಕುವ ತೇಪೆಯೇ ಇಂಗ್ಲಿಷಿನ ‘ಪ್ಯಾಚ್’. ಕಂಪ್ಯೂಟರ್ ಲೋಕಕ್ಕೂ ಅದು ಬಂದದ್ದು ನಿಜವಾದ ತೇಪೆಯಾಗಿಯೇ. ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಪ್ರೋಗ್ರಾಮ್ ಬರೆಯುತ್ತಿದ್ದ ಕಾಲದಲ್ಲಿ ತಪ್ಪು ತೂತಿನ ಮೇಲೆ ಚೂರು ಕಾಗದ ಅಂಟಿಸುತ್ತಿದ್ದರು.

1985ರಲ್ಲಿ ಲ್ಯಾರಿ ವಾಲ್ (ಮುಂದೆ ಪರ್ಲ್ ಭಾಷೆ ಕಟ್ಟಿದವರು) ‘ಪ್ಯಾಚ್’ ಹೆಸರಿನದೇ ಒಂದು ಪ್ರೋಗ್ರಾಮ್ ಬರೆದರು. ‘ಡಿಫ್’ ಎಂಬ ಪ್ರೋಗ್ರಾಮ್ ಹಳೆಯ, ಹೊಸ ಕಡತಗಳ ವ್ಯತ್ಯಾಸ ಪಟ್ಟಿ ಮಾಡಿದರೆ, ಪ್ಯಾಚ್ ಅದನ್ನೋದಿ ಹಳೆಯದನ್ನು ತಿದ್ದುತ್ತದೆ. ಪಟ್ಟಿಯ ನೆತ್ತಿಯಲ್ಲಿ ಕಡತದ ಸಮಯವೂ ಇರುತ್ತದೆ. ತಲೆನೋವು ಶುರುವಾಗುವುದು ಅಲ್ಲಿ. ಲಂಡನ್ನಿನ ಚಳಿಗಾಲದ ನಡುಮಧ್ಯಾಹ್ನ ಬೆಂಗಳೂರಿನಲ್ಲಿ ಸಂಜೆ 5:30. ಯಾವ ಊರಿನ ಗಡಿಯಾರ ಎಂದು ಹೇಳದ ಸಮಯವನ್ನು ನಂಬುವುದು ಹೇಗೆ? ಬೇಸಿಗೆಯಲ್ಲಿ ಗಡಿಯಾರ ಮುಂದಿಟ್ಟು ಮತ್ತೆ ಹಿಂದೆ ಸರಿಸುವ ದೇಶಗಳಲ್ಲಂತೂ ಒಂದೇ ಗಂಟೆ ಎರಡು ಬಾರಿ ಬರುತ್ತದೆ! ಯಾವ ಕಡತ ಹೊಸದು ಎಂದು ಸಮಯ ನೋಡಿಯೇ ತೀರ್ಮಾನಿಸುವ ‘ಮೇಕ್’ನಂಥ ಸಾಧನಗಳು ಇದರಿಂದ ಎಡವುತ್ತವೆ.

ಆದ್ದರಿಂದಲೇ ಪ್ಯಾಚ್‌ನ ಗ್ನೂ ಆವೃತ್ತಿಯಲ್ಲಿ ‘ಸೆಟ್-ಯುಟಿಸಿ’ ಎಂಬ ಆಯ್ಕೆ ಇದೆ. ವಲಯ ನಮೂದಿಸದ ಸಮಯವನ್ನು ಅದು ಜಾಗತಿಕ ಪ್ರಮಾಣ ಸಮಯ (ಯುಟಿಸಿ) ಎಂದೇ ಓದಿ, ತಿದ್ದಿದ ಕಡತಕ್ಕೆ ಆ ಸಮಯವನ್ನು ಹಾಕುತ್ತದೆ. ಈಗಿನ ಡಿಫ್ ‘+0530’ ಎಂದು ವಲಯವನ್ನೂ ಬರೆಯಬಲ್ಲದು.

ಕನ್ನಡದಲ್ಲಿ ‘ತೇಪೆ ಹಚ್ಚುವುದು’ ಎಂದರೆ ತಾತ್ಕಾಲಿಕ ಉಪಾಯವೆಂಬ ಕೊಂಕಿದೆ. ‘ಪ್ಯಾಚ್ ಹಾಕು’ ಎನ್ನುವ ನಮ್ಮ ಐಟಿಯವರ ಮಾತಿನಲ್ಲಿ ಅದಿಲ್ಲ. ಅದೇನೇ ಇರಲಿ, ಬೇರೆ ದೇಶದವರಿಗೆ ಪ್ಯಾಚ್ ಕಳಿಸುವಿರಾದರೆ, ಡಿಫ್ ತೆಗೆಯುವ ಮೊದಲೇ ಸಮಯವಲಯವನ್ನು ಯುಟಿಸಿಗೆ ಹೊಂದಿಸಿಕೊಳ್ಳಿ.