ಕುರ್ಚಿ ಬಿಡದೆ ಕಲಿಯುವ ವಿದ್ಯೆ

ವೈದ್ಯರ ವಿದ್ಯೆಯ ವಿಷಯದಲ್ಲಿ ನಮ್ಮ ಪೇಟೆಯವರಿಗೆ ಒಂದು ದೃಢವಾದ ನಂಬಿಕೆ ಇದೆ. ಬಾಗಿಲ ಫಲಕದಲ್ಲಿ ಹೆಸರಿನ ಮುಂದೆ ಅಕ್ಷರಗಳ ಸಾಲು ಉದ್ದವಾದಷ್ಟೂ ವಿದ್ಯೆ ಆಳವಾಗಿರುತ್ತದೆ ಎಂಬುದು ಅದು. ಆ ಅಕ್ಷರಗಳನ್ನು ಗಳಿಸಬೇಕಾದರೆ ಊರು ಬಿಡಬೇಕು, ಕೆಲಸ ಬಿಡಬೇಕು, ದೊಡ್ಡ ಕಾಲೇಜಿನಲ್ಲಿ ಮೂರು ವರ್ಷ ಕಳೆಯಬೇಕು. ಬೆಂಗಳೂರಿನಲ್ಲಿ ಕುಳಿತು ನೋಡಿದರೆ ಇದರಲ್ಲಿ ತೊಡಕೇನೂ ಕಾಣುವುದಿಲ್ಲ. ಒಬ್ಬ ಡಾಕ್ಟರು ಓದಲು ಹೋದರೆ ಪಕ್ಕದ ಬೀದಿಯಲ್ಲಿ ಇನ್ನೊಬ್ಬರಿರುತ್ತಾರೆ.

ಇದೇ ಪ್ರಶ್ನೆಯನ್ನು ಸಂಸೆಯಲ್ಲಿ ನಿಂತು ಕೇಳಿಕೊಂಡರೆ ಉತ್ತರ ಬೇರೆಯಾಗುತ್ತದೆ. ಸಂಸೆ ಕಳಸದಿಂದ ಕುದುರೆಮುಖಕ್ಕೆ ಹೋಗುವ ರಸ್ತೆಯ ಮೇಲಿನ ಊರು. ಹಿಂದೆ ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು, ಈಗ ಕಳಸ ತಾಲ್ಲೂಕಿಗೆ ಸೇರಿದೆ. ಸುತ್ತ ಕಾಫಿ, ಅಡಿಕೆ, ಚಹಾ ತೋಟಗಳು, ಮೇಲೆ ಬೆಟ್ಟ, ವರ್ಷದಲ್ಲಿ ನಾಲ್ಕು ತಿಂಗಳು ಬಿಡದ ಮಳೆ. ಕಾಯಿಲೆ ಬಲಿತರೆ ಘಟ್ಟ ಇಳಿದು ಕಾರ್ಕಳ, ಮಣಿಪಾಲ ಅಥವಾ ಮಂಗಳೂರಿಗೆ ಹೋಗಬೇಕು. ಇಲ್ಲವೆ ಅತ್ತ ಚಿಕ್ಕಮಗಳೂರಿನ ದಾರಿ ಹಿಡಿಯಬೇಕು. ಇಂಥ ಸೀಮೆಯಲ್ಲಿ ಡಾಕ್ಟರು ಓದಲು ಹೋದರೆ ಕುರ್ಚಿ ಖಾಲಿ. ಹೋಗದೆ ಉಳಿದರೆ ಹತ್ತು ವರ್ಷದಲ್ಲಿ ಅವರ ವಿದ್ಯೆ ಹಳತು. ಎರಡರಲ್ಲಿ ಯಾವುದಾದರೂ ನಷ್ಟ ರೋಗಿಗೇ.

ಈ ಇಕ್ಕಟ್ಟಿಗೆ ಪರಿಹಾರವೆಂದು ಈಗ ಹಲವು ಕಡೆ ಕೇಳಿಬರುತ್ತಿರುವ ಮಾತು ಅರೆಕಾಲದ ಫೆಲೋಷಿಪ್. ವೈದ್ಯರಾಗಲಿ, ಹೆಚ್ಚಿನ ಹೊಣೆ ಹೊತ್ತ ದಾದಿಯರಾಗಲಿ, ತಮ್ಮ ಕೆಲಸದಲ್ಲಿದ್ದುಕೊಂಡೇ ವಾರದ ಕೆಲವು ಗಂಟೆಗಳನ್ನು ಕಲಿಕೆಗೆ ಮೀಸಲಿಡುತ್ತಾರೆ. ಆ ಗಂಟೆಗಳಿಗೂ ಸಂಬಳ ಉಂಟು. ಕೇಳಿದ್ದಕ್ಕೆ ಉತ್ತರ ಹೇಳುವ ಗುರು ಉಂಟು. ಇದು ಪರದೇಶದಿಂದ ಬಂದ ಹೊಸ ಸರಕೆಂದು ತಿಳಿದವರು ಬಹಳ ಮಂದಿ. ನನಗೆ ಹಾಗೆನ್ನಿಸುವುದಿಲ್ಲ. ಇದರ ಇತಿಹಾಸದ ಒಂದೆರಡು ಮುಖ್ಯ ಅಧ್ಯಾಯಗಳು ನಮ್ಮ ನಾಡಿನಲ್ಲೇ ನಡೆದಿವೆ. ಒಂದಂತೂ ಮೂಡಿಗೆರೆಯಲ್ಲೇ ನಡೆದಿದೆ.

ಮೊದಲು ಊರು ಬಿಟ್ಟು ಕಲಿಯುವ ದಾರಿಯನ್ನು ನೋಡೋಣ. ಮೈಸೂರು ಸಂಸ್ಥಾನ ೧೮೮೧ರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ವೇತನ ಕೊಡಲು ಆರಂಭಿಸಿತು. ಆಗ ಸಂಸ್ಥಾನದಲ್ಲಿ ವೈದ್ಯ ಕಾಲೇಜಿರಲಿಲ್ಲ. ಕಲಿಯಬೇಕೆಂದರೆ ಹೊರಗೆ ಹೋಗಲೇಬೇಕಿತ್ತು. ೧೯೧೭ರಲ್ಲಿ ಬೆಂಗಳೂರಿನಲ್ಲಿ ಎಲ್.ಎಂ.ಪಿ. ಶಿಕ್ಷಣ ಮೊದಲಾಯಿತು. ೧೯೨೪ರಲ್ಲಿ ಅದು ಕಾಲೇಜಾಗಿ, ೧೯೩೦ರಲ್ಲಿ ಮೈಸೂರಿಗೆ ಹೋಯಿತು. ಇದು ದೊಡ್ಡ ಉಪಕಾರವೇ. ಆದರೆ ಕಾಲೇಜು ವೈದ್ಯನನ್ನು ತಯಾರು ಮಾಡಿ ಕಳುಹಿಸುತ್ತದೆಯೇ ಹೊರತು, ಮಲೆನಾಡಿನ ದವಾಖಾನೆಯಲ್ಲಿ ಒಂಟಿಯಾಗಿ ಕುಳಿತವನ ಜೊತೆಗೆ ಬಂದು ಕುಳಿತುಕೊಳ್ಳುವುದಿಲ್ಲ.

ಇನ್ನೊಂದು ದಾರಿ ಇದಕ್ಕಿಂತ ಹಳೆಯದು. ಇಂಗ್ಲೆಂಡಿನಲ್ಲಿ ೧೮೧೫ರ ಕಾಯಿದೆಯ ಪ್ರಕಾರ ಔಷಧಿಕಾರ ವೈದ್ಯನಾಗಬೇಕಾದವನು ಐದು ವರ್ಷ ಒಬ್ಬನ ಕೈಕೆಳಗೆ ಕೆಲಸ ಮಾಡಿ ಕಲಿಯಬೇಕಿತ್ತು. ಅದರಲ್ಲಿ ಒಳ್ಳೆಯ ಗುರು ಸಿಕ್ಕವನು ಗೆದ್ದ. ಸಿಗದವನು ಸೀಸೆ ತೊಳೆದ. ದುಡಿಮೆಯೊಂದೇ ವಿದ್ಯೆಯಲ್ಲ ಎಂಬುದನ್ನು ಆ ಪದ್ಧತಿಯೇ ತೋರಿಸಿಕೊಟ್ಟಿತು.

ಹಾಗಾದರೆ ದುಡಿಮೆಯ ನಡುವಿನ ಕಲಿಕೆ ಫಲಿಸುವುದು ಯಾವಾಗ? ಇದಕ್ಕೆ ರೊನಾಲ್ಡ್ ರಾಸ್‌ನ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಗುಟ್ಟನ್ನು ಕಂಡ ಮಹಾಪುರುಷನೆಂದು ನಾವು ಶಾಲೆಯಲ್ಲಿ ಓದಿದ್ದೇವೆ. ಆದರೆ ಆತ ಯಾವ ಸಂಶೋಧನಾಲಯದ ವಿದ್ವಾಂಸನೂ ಅಲ್ಲ. ಸೇನೆಯ ಸಂಬಳ ತಿನ್ನುವ ವೈದ್ಯ. ೧೮೮೩ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ, ತನ್ನ ಬಂಗಲೆಯ ಬಳಿಯ ನೀರಿನ ಪೀಪಾಯಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು, ನೀರು ಚೆಲ್ಲಿಸಿದರೆ ಸೊಳ್ಳೆ ಕಡಿಮೆಯಾಗುತ್ತದೆಂದು ಅರಿತವನು. ೧೮೯೪ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯ ಸಿಕ್ಕಿದ. ಮಲೇರಿಯಾದ ಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ. ಅದರ ದಾರಿ ಸೊಳ್ಳೆಯಲ್ಲಿರಬೇಕೆಂಬ ತನ್ನ ಊಹೆಯನ್ನೂ ಹೇಳಿದ. ರಾಸ್ ಮರಳಿ ಸಿಕಂದರಾಬಾದಿಗೆ ಬಂದ ಮೇಲೆ ಗುರುಶಿಷ್ಯರ ಮಧ್ಯೆ ಉಳಿದದ್ದು ಅಂಚೆ ಒಂದೇ. ಹಡಗಿನಲ್ಲಿ ಕಾಗದ ಹೋಗುತ್ತಿತ್ತು, ಹಡಗಿನಲ್ಲಿ ಕಾಗದ ಬರುತ್ತಿತ್ತು. ಕೆಲಸದ ಜಾಗದಲ್ಲಿ ಶಿಷ್ಯ, ಸಮುದ್ರದಾಚೆ ಗುರು.

ಈ ನಡುವೆ ಸೇನೆ ಆತನನ್ನು ಸುಮ್ಮನೆ ಬಿಟ್ಟಿರಲಿಲ್ಲ. ೧೮೯೫ರಲ್ಲಿ ಕಾಲರಾ ತಡೆಯಲು ಮತ್ತೆ ಬೆಂಗಳೂರಿಗೆ ಕಳುಹಿಸಿತು. ೧೮೯೭ರಲ್ಲಿ ರಜೆ ಪಡೆದು ಊಟಿಯ ಕಡೆ ಹೋದವನು ಸೀಗೂರು ಘಟ್ಟದ ಕಾಫಿ ತೋಟಗಳ ಸೀಮೆಯಲ್ಲಿ ತಾನೇ ಮಲೇರಿಯಾ ಅಂಟಿಸಿಕೊಂಡ. ಅದೇ ವರ್ಷ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ, ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ತಾನು ಹುಡುಕುತ್ತಿದ್ದುದನ್ನು ಕಂಡ. ಇನ್ನೇನು ಬಾಗಿಲು ತೆರೆಯಿತು ಎನ್ನುವಷ್ಟರಲ್ಲಿ ವರ್ಗದ ಆಜ್ಞೆ ಬಂತು. ಸೆಪ್ಟೆಂಬರಿನಲ್ಲಿ ರಾಜಪುತಾನದ ಖೇರ್ವಾಡಕ್ಕೆ ಹೋಗಬೇಕಾಯಿತು. ಕೆಲಸ ಅರ್ಧಕ್ಕೆ ನಿಂತಿತು. ಮ್ಯಾನ್ಸನ್ ಲಂಡನ್ನಿನಲ್ಲಿ ಪ್ರಯತ್ನ ಮಾಡಿದ ಮೇಲೆ ೧೮೯೮ರ ಆರಂಭದಲ್ಲಿ ಸರಕಾರ ಆತನನ್ನು ಈ ಒಂದು ಕೆಲಸಕ್ಕೆಂದೇ ಕಲ್ಕತ್ತೆಗೆ ನೇಮಿಸಿತು. ಅದೇ ಜುಲೈ ವೇಳೆಗೆ ಹಕ್ಕಿಗಳ ಮಲೇರಿಯಾ ಸೊಳ್ಳೆಯ ಕಡಿತದಿಂದ ಹರಡುವ ಕ್ರಮವನ್ನು ಪೂರ್ತಿಯಾಗಿ ತೋರಿಸಿದ. ೧೯೦೨ರಲ್ಲಿ ನೊಬೆಲ್ ಬಹುಮಾನ ಬಂತು.

ಇಲ್ಲಿ ಮೂರು ಸಂಗತಿಗಳನ್ನು ವಾಚಕರು ಗಮನಿಸಬೇಕು. ಪ್ರಶ್ನೆ ಹುಟ್ಟಿದ್ದು ಕೆಲಸದ ಜಾಗದಲ್ಲಿ. ಉತ್ತರದ ಜಾಡು ತಿಳಿದದ್ದು ಗುರುವಿನಿಂದ. ಉತ್ತರ ಕೈಗೆ ಬಂದದ್ದು ಅದಕ್ಕೆಂದೇ ಬಿಡುವು ಸಿಕ್ಕಾಗ. ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು ಎಂದು ನಮ್ಮ ಹಿರಿಯರು ಹೇಳಿದರು. ವೈದ್ಯರ ಮಟ್ಟಿಗೆ ಅದಕ್ಕೆ ಬಿಡುವು ಎಂಬ ಮೂರನೆಯ ಮಾತನ್ನೂ ಸೇರಿಸಬೇಕು.

ಈಗ ಮೂಡಿಗೆರೆಗೆ ಬರೋಣ. ಚಳಿಜ್ವರ ಮಲೆನಾಡನ್ನು ಹಿಂಡುತ್ತಿದ್ದ ಕಾಲ ಅದು. ಕಾಫಿ ತೋಟಕ್ಕೆ ಘಟ್ಟ ಹತ್ತಿ ಬಂದ ಆಳು ನಡುಗುತ್ತ ಮಲಗಿದರೆ ತೋಟದ ಕೆಲಸವೂ ಮಲಗುತ್ತಿತ್ತು. ೧೯೨೦ರ ದಶಕದ ಕೊನೆಯಲ್ಲಿ ಮೈಸೂರು ಸರಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಮಲೇರಿಯಾ ಅಧ್ಯಯನಕ್ಕೆ ಕೈಹಾಕಿತು. ಆಗ ಮಾಡಿದ ಜಾಣತನವೆಂದರೆ ಅದನ್ನು ರಾಜಧಾನಿಯಲ್ಲೇ ಕಟ್ಟಿಹಾಕದೆ ನಾಗೇನಹಳ್ಳಿ, ಹಿರಿಯೂರು, ಮೂಡಿಗೆರೆ ಎಂಬ ಮೂರು ಕಡೆ ಠಾಣೆ ಹೂಡಿದ್ದು. ನಾಗೇನಹಳ್ಳಿ ಕಾಲುವೆ ನೀರಿನ ಗದ್ದೆಯ ನಾಡು, ಹಿರಿಯೂರು ಬಯಲುಸೀಮೆ, ಮೂಡಿಗೆರೆ ಹಳ್ಳತೊರೆಗಳ ಬೆಟ್ಟದ ನಾಡು. ಮೂರು ಕಡೆಯೂ ಜ್ವರ ಒಂದೇ, ಆದರೆ ಸೊಳ್ಳೆಯ ನಡವಳಿಕೆ ಬೇರೆ. ಬಯಲಿನ ಕಾಲುವೆಯಲ್ಲಿ ಬೆಳೆಯುವ ಜಾತಿಯೇ ಬೇರೆ; ಮಲೆನಾಡಿನಲ್ಲಿ ಮೆಲ್ಲನೆ ಹರಿಯುವ ತೊರೆಯ ಅಂಚಿನ ಹುಲ್ಲಿನಲ್ಲಿ ಬೆಳೆಯುವ ಜಾತಿಯೇ ಬೇರೆ. ಇದನ್ನು ಬೆಂಗಳೂರಿನ ಗ್ರಂಥಾಲಯದಲ್ಲಿ ಕುಳಿತು ಕಲಿಯುವುದು ಸಾಧ್ಯವಿರಲಿಲ್ಲ. ತೊರೆಗೆ ಇಳಿದು, ಸೌಟಿನಲ್ಲಿ ನೀರು ಮೊಗೆದು, ಮರಿಗಳನ್ನು ಎಣಿಸಿ ಕಲಿಯಬೇಕಿತ್ತು.

ಪ್ರತಿಷ್ಠಾನದಿಂದ ಬಂದ ಡಾಕ್ಟರು ಸ್ವೀಟ್ ಅವರ ಜೊತೆ ನಮ್ಮವರೇ ಆದ ಬಿ. ಎ. ರಾವ್ ಮೊದಲಾದವರು ದುಡಿದರು. ೧೯೩೭ರಲ್ಲಿ ಸ್ವೀಟ್ ಮತ್ತು ರಾವ್ ಇಬ್ಬರೂ ಸೇರಿ, ಸ್ಟೀಫೆನ್ಸೈ ಎಂಬ ಸೊಳ್ಳೆಯ ಮೊಟ್ಟೆಗಳನ್ನು ಹೋಲಿಸಿ ನೋಡಿ, ಅದರಲ್ಲಿ ಬೇರೆ ಬೇರೆ ಬಗೆಗಳಿವೆಯೆಂದು ಪ್ರಕಟಿಸಿದರು. ಒಂದು ಬಗೆಗೆ ‘ಮೈಸೂರೆನ್ಸಿಸ್’ ಎಂದು ಹೆಸರಾಯಿತು. ೨೦೧೨ರಲ್ಲಿ ಇದೇ ಸ್ಟೀಫೆನ್ಸೈ ಆಫ್ರಿಕದ ಜಿಬೂತಿಯಲ್ಲಿ ಕಾಣಿಸಿಕೊಂಡು ಅಲ್ಲಿನ ಪಟ್ಟಣಗಳಿಗೆ ಹೊಸ ಭಯ ತಂದಾಗ, ವಿದ್ವಾಂಸರು ಮತ್ತೆ ಈ ಬಗೆಗಳ ವಿಚಾರವನ್ನೇ ಕೆದಕಬೇಕಾಯಿತು. ಕೆಲಸದ ಜಾಗದಲ್ಲಿ ಕಲಿತ ವಿದ್ಯೆ ಕಿರಿದು ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕೆ?

ಕಲಿಕೆ ವೈದ್ಯರಿಗೇ ಮೀಸಲಾಗಿರಲಿಲ್ಲ. ಮಂಡ್ಯದಲ್ಲಿ ಹಳ್ಳಿಯ ಆರೋಗ್ಯ ಘಟಕ, ೧೯೩೦ರ ದಶಕದಲ್ಲಿ ಕ್ಲೋಸ್‌ಪೇಟೆಯಲ್ಲಿ, ಎಂದರೆ ರಾಮನಗರದಲ್ಲಿ, ತರಬೇತಿಯ ಕೇಂದ್ರ ನಡೆದವು. ಸೂಲಗಿತ್ತಿ ವಿದ್ಯೆಯನ್ನೂ ನೈರ್ಮಲ್ಯದ ಕೆಲಸವನ್ನೂ ಹಳ್ಳಿಯ ಮನೆಬಾಗಿಲಲ್ಲೇ ಕಲಿಸುವ ಪ್ರಯತ್ನಗಳು ಅವು.

ಆಮೇಲೆ ಗಾಳಿ ತಿರುಗಿತು. ೧೯೪೬ರ ಭೋರ್ ಸಮಿತಿಯ ವರದಿಯ ಪ್ರಕಾರ ದೇಶದಲ್ಲಿದ್ದ ೪೭,೫೨೪ ವೈದ್ಯರಲ್ಲಿ ೨೯,೮೭೦ ಮಂದಿ ಎಲ್.ಎಂ.ಪಿ. ಮುಂತಾದ ಲೈಸೆನ್ಷಿಯೇಟರು. ದೇಶಕ್ಕೆ ಒಂದೇ ದರ್ಜೆಯ ವೈದ್ಯ ಸಾಕೆಂದು ಸಮಿತಿ ಹೇಳಿತು. ಬಡವನಿಗೆ ಕೆಳದರ್ಜೆಯ ವೈದ್ಯ ಯಾಕೆ ಎಂಬ ಆ ವಾದದಲ್ಲಿ ನ್ಯಾಯವಿತ್ತು. ಆದರೆ ವಿದ್ಯೆಯೆಂದರೆ ಕಾಲೇಜೇ ಎಂಬ ಭಾವನೆಯೂ ಅದರೊಡನೆ ಬಲವಾಯಿತು.

ಬೆಟ್ಟದ ನಾಡು ಮಾತ್ರ ತನ್ನ ಪಾಠ ನಿಲ್ಲಿಸಲಿಲ್ಲ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು. ಜನಕ್ಕೂ ಜ್ವರ ಬಂತು. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ರೋಗ ಅದು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಉಣ್ಣೆಯ ಮೂಲಕ ಹರಡುವ ವೈರಸನ್ನು ಗುರುತಿಸಿದರು. ಈಚೆಗೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಮಂಗನ ಕಾಯಿಲೆ ಜೀವ ತೆಗೆದಿದೆ. ಕಾಡಿನಂಚಿನ ಆಸ್ಪತ್ರೆಯ ವೈದ್ಯ ಇದರ ವಿಷಯದಲ್ಲಿ ನಗರದ ತಜ್ಞನಿಗಿಂತ ಮೊದಲು ಎಚ್ಚರಗೊಳ್ಳಬೇಕಾದವನು.

ಗಾಳಿ ಮತ್ತೆ ಈ ಕಡೆ ತಿರುಗಿದ್ದು ೧೯೭೦ರ ದಶಕದಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಸಕಲವಾರದ ಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗ ಚಿಕಿತ್ಸೆಯನ್ನು ಅಲ್ಪಾವಧಿಯಲ್ಲಿ ಕಲಿಸತೊಡಗಿತು. ೧೯೮೫ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ವಿಸ್ತಾರವಾಗಿ ನಡೆಸಿತು. ೧೯೯೬ರಲ್ಲಿ ಬಂದ ರಾಷ್ಟ್ರದ ಜಿಲ್ಲಾ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಈಗ ಅದೇ ಸಂಸ್ಥೆಯ ತಜ್ಞರು ವಿಡಿಯೋ ಮೂಲಕ, ಹಳ್ಳಿಯ ವೈದ್ಯ ತನ್ನ ಕುರ್ಚಿಯಲ್ಲಿ ತನ್ನ ರೋಗಿಯನ್ನು ನೋಡುತ್ತಿರುವಾಗಲೇ ಜೊತೆಗಿದ್ದು ಕಲಿಸುತ್ತಾರೆ. ಮ್ಯಾನ್ಸನ್ನನ ಕಾಗದ ಕಣ್ಣೆದುರಿನ ಪರದೆಯಾಗಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ೨೦೦೬ರಿಂದ, ವೃತ್ತಿಯಲ್ಲಿರುವ ವೈದ್ಯರಿಗೆ ಕುಟುಂಬ ವೈದ್ಯಕೀಯವನ್ನು ದೂರಶಿಕ್ಷಣದಲ್ಲಿ ಕಲಿಸುತ್ತ ಬಂದಿದೆ. ದಾದಿಯರ ದಾರಿಯೂ ಅಗಲವಾಗಿದೆ. ೧೯೬೫ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಹೆಚ್ಚಿನ ಹೊಣೆಯ ದಾದಿಯರ ಶಿಕ್ಷಣವನ್ನು ಆರಂಭಿಸಿದರು. ನಮ್ಮಲ್ಲಿ ೨೦೧೮ರ ಯೋಜನೆಯಿಂದ, ಸೇತುಬಂಧ ಶಿಕ್ಷಣ ಪಡೆದ ದಾದಿಯರು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಉಪಕೇಂದ್ರಗಳಲ್ಲಿ ಕುಳಿತಿದ್ದಾರೆ.

ಹಾಗಾದರೆ ಎಲ್ಲವೂ ಸರಿಹೋಯಿತೆ? ನನಗೆ ಸಂಶಯವಿರುವುದು ಆ ಮೂರನೆಯ ಮಾತಿನಲ್ಲಿ. ಪ್ರಶ್ನೆಗಳಿಗೆ ಮಲೆನಾಡಿನಲ್ಲಿ ಕೊರತೆಯಿಲ್ಲ. ತಂತಿಯಿಲ್ಲದೆ ಗುರುವನ್ನು ಕರೆತರುವ ಯಂತ್ರವೂ ಬಂದಿದೆ. ಬಿಡುವನ್ನು ಮಾತ್ರ ಯಾವ ಯಂತ್ರವೂ ತರಲಾರದು. ಹಗಲೆಲ್ಲ ರೋಗಿಗಳನ್ನು ನೋಡಿ, ಸಂಜೆ ಲೆಕ್ಕಪತ್ರ ತುಂಬಿ, ರಾತ್ರಿ ಹೆರಿಗೆಗೆ ಎದ್ದವರಿಗೆ ‘ಇನ್ನು ಕಲಿಯಿರಿ’ ಎಂದರೆ ಅದು ಫೆಲೋಷಿಪ್ ಅಲ್ಲ, ಬಿಟ್ಟಿ ದುಡಿಮೆ. ವಾರದಲ್ಲಿ ಅರ್ಧ ದಿನ ಆ ಕುರ್ಚಿಯಲ್ಲಿ ಬದಲಿ ಡಾಕ್ಟರನ್ನು ಕೂರಿಸುವ ಖರ್ಚನ್ನು ಯಾರು ಹೊರುತ್ತಾರೆ ಎಂಬುದೇ ನಿಜವಾದ ಪ್ರಶ್ನೆ. ರಾಸ್‌ನನ್ನು ಖೇರ್ವಾಡಕ್ಕೆ ಕಳುಹಿಸಿದ ಅಧಿಕಾರಿಗೂ ಕೇಡಿನ ಉದ್ದೇಶವಿರಲಾರದು. ಆತನಿಗೆ ಕಂಡದ್ದು ಒಂದು ಖಾಲಿ ಜಾಗ ಮತ್ತು ಅದನ್ನು ತುಂಬಲು ಒಬ್ಬ ವೈದ್ಯ, ಅಷ್ಟೆ. ನಮ್ಮ ಕಚೇರಿಗಳಲ್ಲೂ ಆ ದೃಷ್ಟಿ ಇನ್ನೂ ಅಳಿದಿಲ್ಲ.

ಪೇಟೆಯ ನಾವು ಇದರಿಂದ ಹೊರಗಿನವರೆಂದು ತಿಳಿಯಬಾರದು. ಘಟ್ಟ ಇಳಿದು ನಮ್ಮ ದೊಡ್ಡಾಸ್ಪತ್ರೆಗಳ ಮುಂದೆ ಸಾಲು ನಿಲ್ಲುವ ಎಷ್ಟೋ ಮಂದಿಗೆ, ಸಂಸೆಯ ಕಡೆಯ ಒಬ್ಬ ವೈದ್ಯರೋ ದಾದಿಯೋ ಇನ್ನಷ್ಟು ಕಲಿತಿದ್ದರೆ ಆ ದಾರಿ ಉಳಿಯುತ್ತಿತ್ತು. ಆ ಅರ್ಧ ದಿನದ ಬೆಲೆಯನ್ನು ಮಳೆಗಾಲದ ಒಂದು ರಾತ್ರಿ ರೋಗಿಯೊಡನೆ ಘಟ್ಟ ಇಳಿದವರನ್ನು ಕೇಳಬೇಕು.