ಆರ್ಬತ್‌ನಾಟ್‌ನಿಂದ ಬ್ಯಾಂಕ್ ನಿಫ್ಟಿವರೆಗೆ: ದೊಡ್ಡ ದುಡ್ಡಿಗೆ ಕಾವಲು ಯಾರು?

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೀನಿ.

ನಾನಿರೋ ಕೋಡಂಬಾಕ್ಕಂನಲ್ಲಿ ಲೋಕಲ್ ಟ್ರೈನ್ ಹತ್ತಿ ಬೀಚ್ ಸ್ಟೇಷನ್‌ನಲ್ಲಿ ಇಳಿದರೆ ಎದುರಿಗೇ ರಾಜಾಜಿ ಸಾಲೈ. ಬ್ರಿಟಿಷರ ಕಾಲದಲ್ಲಿ ಮದ್ರಾಸಿನ ದೊಡ್ಡ ದುಡ್ಡೆಲ್ಲ ಓಡಾಡ್ತಿದ್ದದ್ದು ಈ ಸುತ್ತಮುತ್ತಲೇ. ಹೆಡ್ಜ್ ಫಂಡ್‌ಗಳಿಗೆ ಇನ್ನೂ ಬಿಗಿ ಕಾನೂನು ಬೇಕಾ ಅನ್ನೋ ಪ್ರಶ್ನೆಯನ್ನ ನಾನು ಇಲ್ಲಿಂದಲೇ ಶುರು ಮಾಡ್ತೀನಿ.

1906ರ ಅಕ್ಟೋಬರ್ 22. ಮದ್ರಾಸಿನ ಆರ್ಬತ್‌ನಾಟ್ ಕಂಪನಿ ಬಾಗಿಲು ಹಾಕಿತು. ಪ್ಯಾರಿ, ಬಿನ್ನಿ ಜೊತೆ ಹೆಸರು ಹೇಳೋ ಅಷ್ಟು ದೊಡ್ಡ ಸಂಸ್ಥೆ ಅದು. ಪಿಂಚಣಿದಾರರು, ಜಮೀನ್ದಾರರು, ವಕೀಲರು ಎಲ್ಲರೂ ನಂಬಿ ಡೆಪಾಸಿಟ್ ಇಟ್ಟಿದ್ದರು. ಆದರೆ ಲಂಡನ್‌ನಲ್ಲಿದ್ದ ಪಾಲುದಾರ ಮ್ಯಾಕ್‌ಫೇಡಿಯನ್ ಅಪಾಯದ ಸಟ್ಟಾ ವ್ಯವಹಾರಕ್ಕೆ ಇಳಿದಿದ್ದ. ಪಾಲುದಾರಿಕೆ ಸಂಸ್ಥೆ ಆಗಿದ್ದರಿಂದ ಲೆಕ್ಕಪತ್ರವನ್ನು ಸಾರ್ವಜನಿಕರ ಮುಂದೆ ಇಡಬೇಕಾದ ಕಟ್ಟುಪಾಡೇ ಇರಲಿಲ್ಲ. ನಷ್ಟ ಎಷ್ಟು ಬೆಳೆದಿದೆ ಅಂತ ಹೊರಗಿನವರಿಗೆ ಗೊತ್ತಾಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಮ್ಯಾಕ್‌ಫೇಡಿಯನ್ ಆತ್ಮಹತ್ಯೆ ಮಾಡಿಕೊಂಡ. ಸರ್ ಜಾರ್ಜ್ ಆರ್ಬತ್‌ನಾಟ್ ಜೈಲು ಸೇರಿದ.

ಮುಂದೆ ನಡೆದದ್ದು ಮುಖ್ಯ. ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮುಂದೆ ನಿಂತು ನಮ್ಮವರದ್ದೇ ಒಂದು ಬ್ಯಾಂಕ್ ಬೇಕು ಅಂದರು. 1907ರ ಆಗಸ್ಟ್ 15ಕ್ಕೆ ಇಂಡಿಯನ್ ಬ್ಯಾಂಕ್ ಕೆಲಸ ಶುರು ಮಾಡಿತು. ನಮ್ಮ ಕಡೆ ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದನ್ನೂ, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕ್ ಆದದ್ದನ್ನೂ ಕಟ್ಟಿದ್ದರು. ಆದರೆ ಹೊಸ ಬ್ಯಾಂಕ್ ಕಟ್ಟೋದು ಬೇರೆ, ದೊಡ್ಡ ದುಡ್ಡಿಗೆ ಕಾವಲು ಹಾಕೋದು ಬೇರೆ. ಷೇರುಪೇಟೆಗೆ ಆ ಕಾವಲುಗಾರ ಬಂದದ್ದು ತುಂಬಾ ತಡವಾಗಿ. ಸೆಬಿ ಹುಟ್ಟಿದ್ದು 1988ರಲ್ಲಿ, ಕಾನೂನಿನ ಬಲ ಸಿಕ್ಕಿದ್ದು 1992ರಲ್ಲಿ. ಅದೇ ವರ್ಷ ಹರ್ಷದ್ ಮೆಹ್ತಾ ಹಗರಣವೂ ಹೊರಬಿತ್ತು.

ಈಗ ನಮ್ಮ ಕಾಲಕ್ಕೆ ಬರೋಣ. 2025ರ ಜುಲೈ 3ರಂದು ಸೆಬಿ, ಅಮೆರಿಕದ ಜೇನ್ ಸ್ಟ್ರೀಟ್ ಮೇಲೆ ಮಧ್ಯಂತರ ಆದೇಶ ಹೊರಡಿಸಿ ಸುಮಾರು 4,843 ಕೋಟಿ ರೂಪಾಯಿ ತಡೆಹಿಡಿಯಿತು. ಜೇನ್ ಸ್ಟ್ರೀಟ್ ಸ್ವಂತ ದುಡ್ಡಲ್ಲಿ ಟ್ರೇಡ್ ಮಾಡೋ ಸಂಸ್ಥೆ, ಹಾಗಾಗಿ ಲೆಕ್ಕಕ್ಕೆ ಹೆಡ್ಜ್ ಫಂಡ್ ಅಲ್ಲ. ಆದರೆ ಪ್ರಶ್ನೆ ಒಂದೇ.

ಸೆಬಿಯ ಆರೋಪ ಏನು? ಕೋಲಾರದ ಮಂಡಿ ನೆನೆಸಿಕೊಳ್ಳಿ. ಸಂಜೆಗೆ ಟೊಮೆಟೊ ರೇಟ್ ಬೀಳುತ್ತೆ ಅಂತ ಒಬ್ಬ ದೊಡ್ಡ ಬಾಜಿ ಕಟ್ಟಿದ್ದಾನೆ. ಬೆಳಗ್ಗೆ ತಾನೇ ಲಾರಿಗಟ್ಟಲೆ ಕೊಂಡು ರೇಟ್ ಏರಿಸ್ತಾನೆ, ಆ ಏರಿದ ರೇಟಲ್ಲಿ ಬಾಜಿ ಅಗ್ಗಕ್ಕೆ ಸಿಗುತ್ತೆ. ಮಧ್ಯಾಹ್ನ ಅಷ್ಟನ್ನೂ ಮಾರಿ ರೇಟ್ ಬೀಳಿಸ್ತಾನೆ. ಟೊಮೆಟೊದಲ್ಲಿ ಸ್ವಲ್ಪ ಕಳ್ಕೊಂಡರೂ ಬಾಜಿಯಲ್ಲಿ ದುಪ್ಪಟ್ಟು ಬಾಚ್ತಾನೆ.

2024ರ ಜನವರಿ 17, ಬ್ಯಾಂಕ್ ನಿಫ್ಟಿ ಎಕ್ಸ್‌ಪೈರಿ ದಿನ. ಸೆಬಿ ಲೆಕ್ಕದ ಪ್ರಕಾರ ಬೆಳಗ್ಗೆ ಬ್ಯಾಂಕ್ ಷೇರು ಮತ್ತು ಫ್ಯೂಚರ್ಸ್‌ನಲ್ಲಿ ಸುಮಾರು 4,370 ಕೋಟಿ ಖರೀದಿ. ಆಪ್ಷನ್ಸ್‌ನಲ್ಲಿ ಅದರ 7.3 ಪಟ್ಟು ಉಲ್ಟಾ ಪೊಸಿಷನ್. ಷೇರಿನ ಕಡೆ ಸುಮಾರು 62 ಕೋಟಿ ನಷ್ಟ, ಆಪ್ಷನ್ಸ್‌ನಲ್ಲಿ ಸುಮಾರು 735 ಕೋಟಿ ಲಾಭ. ಇದು ಮಾಮೂಲಿ ಇಂಡೆಕ್ಸ್ ಆರ್ಬಿಟ್ರೇಜ್ ಅಂತ ಕಂಪನಿ ವಾದಿಸಿದೆ, ಮೇಲ್ಮನವಿಯನ್ನೂ ಹಾಕಿದೆ. ಮಧ್ಯಂತರ ಆದೇಶವನ್ನು ನಾವು ಕೊನೇ ತೀರ್ಪು ಅಂತ ಓದಬಾರದು.

ನನಗೆ ಚುಚ್ಚಿದ್ದು ಇನ್ನೊಂದು ವಿಷಯ. ಇದರ ಸುಳಿವು ಸಿಕ್ಕಿದ್ದು ಅಮೆರಿಕದ ಕೋರ್ಟ್ ಜಗಳದಿಂದ. 2024ರ ಏಪ್ರಿಲ್‌ನಲ್ಲಿ ಜೇನ್ ಸ್ಟ್ರೀಟ್, ಮಿಲೇನಿಯಂ ಅನ್ನೋ ಹೆಡ್ಜ್ ಫಂಡ್ ಮೇಲೆ ಕೇಸ್ ಹಾಕಿ, ತನ್ನ ಟ್ರೇಡಿಂಗ್ ಗುಟ್ಟು ಕದ್ದಿದ್ದಾರೆ ಅಂದಿತು. ಆ ಗುಟ್ಟು ಭಾರತದ ಆಪ್ಷನ್ಸ್‌ದು ಅಂತ ಆಗ ಗೊತ್ತಾಯ್ತು. ಮಾರುಕಟ್ಟೆ ತಿರುಚೋದು ತಪ್ಪು ಅಂತ ನಮ್ಮಲ್ಲಿ 2003ರಿಂದಲೇ ನಿಯಮ ಇದೆ. ಹೆಡ್ಜ್ ಫಂಡ್‌ಗಳಿಗೂ 2012ರಿಂದ ನಿಯಮ ಇದೆ: ಕನಿಷ್ಠ ಹೂಡಿಕೆ 1 ಕೋಟಿ, ಸಾಲದ ಬಲಕ್ಕೂ ಮಿತಿ. ಅಂದ್ರೆ ರೂಲ್ ಇತ್ತು, ಮಾನಿಟರಿಂಗ್ ಸಾಲಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಲಾಗ್ ಎಲ್ಲಾ ಇತ್ತು, ಅಲರ್ಟ್ ಬರೆದಿರಲಿಲ್ಲ.

ಬಿಗಿ ಮಾಡಿದ್ರೆ ದೊಡ್ಡವರು ಓಡಿಹೋಗ್ತಾರೆ, ಲಿಕ್ವಿಡಿಟಿ ಒಣಗುತ್ತೆ ಅಂತಾರೆ. ಆ ಮಾತಲ್ಲಿ ನಿಜ ಇದೆ. ಕೊಳ್ಳೋರು ಮಾರೋರು ಸದಾ ಸಿಗೋದು ಇಂಥವರಿಂದಲೇ. ಹಾಗಾಗಿ ಇನ್ನೊಂದು ದಪ್ಪ ರೂಲ್‌ಬುಕ್ ಬೇಡ ಅಂತೀನಿ. ಬೇಕಾದದ್ದು ಎರಡು. ಒಂದು, ಷೇರು ಮತ್ತು ಆಪ್ಷನ್ಸ್ ಎರಡನ್ನೂ, ಒಂದೇ ಗುಂಪಿನ ಎಲ್ಲ ಖಾತೆಗಳನ್ನೂ ಒಟ್ಟಿಗೆ ನೋಡೋ ಕಣ್ಣು. ಎರಡು, ವರ್ಷಗಳಲ್ಲಿ ಅಲ್ಲ, ದಿನಗಳಲ್ಲಿ ತಡೆಯೋ ವೇಗ.

ಯಾಕೆ ಇಷ್ಟು ಹೇಳ್ತಿದ್ದೀನಿ? 2022ರಲ್ಲಿ ನಾನೂ ಬೋನಸ್ ದುಡ್ಡು ತಗೊಂಡು ಆಪ್ಷನ್ಸ್ ಆಡಿದೆ. ಮೂರು ತಿಂಗಳಲ್ಲಿ ಖಾಲಿ. ತಪ್ಪು ನನ್ನದೇ, ಇನ್ಯಾರನ್ನೂ ದೂರಲ್ಲ. ಊರಲ್ಲಿ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ. ಸೆಬಿಯ ಅಧ್ಯಯನದ ಪ್ರಕಾರ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ ಆಡಿದ 93% ಸಾಮಾನ್ಯರು ಕಳ್ಕೊಂಡಿದ್ದಾರೆ, ಒಟ್ಟು 1.8 ಲಕ್ಷ ಕೋಟಿಗೂ ಹೆಚ್ಚು. ಇದೆಲ್ಲ ಯಾರದೋ ಮೋಸದಿಂದ ಹೋದದ್ದಲ್ಲ. ಬಹುಪಾಲು ನಮ್ಮ ಆಸೆಯಿಂದಲೇ ಹೋದದ್ದು. ಆದರೆ ಸೋಲೋದೇ ಆದ್ರೆ ನ್ಯಾಯವಾದ ಆಟದಲ್ಲಿ ಸೋಲಬೇಕು.

1906ರ ಪಿಂಚಣಿದಾರನಿಗೆ ಲೆಕ್ಕಪುಸ್ತಕ ನೋಡೋ ದಾರಿ ಇರಲಿಲ್ಲ. ಇವತ್ತು ಪ್ರತಿ ಆರ್ಡರ್‌ಗೂ ಟೈಮ್‌ಸ್ಟ್ಯಾಂಪ್ ಇದೆ. ಇಟ್ಟುಕೊಂಡ ಲೆಕ್ಕವನ್ನ ಹೊತ್ತಿಗೆ ಸರಿಯಾಗಿ ನೋಡೋದಷ್ಟೇ ಬಾಕಿ.

ಮುಂದಿನ ವಿಡಿಯೋದಲ್ಲಿ ಸಿಗೋಣ.